ಲಗೇಜಿನ ಬಾಲ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಪ್ರಾಧ್ಯಾಪಕರೂ ಅಲ್ಲ, ಸಾಹಿತಿಗಳೂ ಅಲ್ಲ. ಹುಬ್ಬಳ್ಳಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ನಡೆಸಿದವರು. ತಮ್ಮ ಹೆಸರನ್ನು ವೇದಿಕೆಯಿಂದ ಹೇಳಕೂಡದು ಎಂಬುದು ಅವರೇ ಹಾಕಿದ ಷರತ್ತು. ಹಾಗಾಗಿ ಯಜಮಾನರು ಎಂದಷ್ಟೇ ಕರೆಯುತ್ತೇನೆ. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ಮಗಳು ಒಂದು ಹಳೆಯ ಬಿಲ್ ಪುಸ್ತಕ ತಂದು ತೋರಿಸಿದರು. ಕಾರ್ಬನ್ ಹಾಳೆಯ ಮಸುಕು ನೀಲಿಯಲ್ಲಿ, ಕನ್ನಡದಲ್ಲೇ ಬರೆದ ಬಿಲ್ಲುಗಳು. ಒಂದರಲ್ಲಿ ಹೀಗಿತ್ತು: ಆಯಿಲ್ ಲೀಕೇಜ್ ಬಂದ್ ಮಾಡಿದ್ದು, ಬಾಡಿ ಡ್ಯಾಮೇಜ್ ಸರಿ ಮಾಡಿದ್ದು, ಡೈನಮೋ ವೋಲ್ಟೇಜ್ ನೋಡಿದ್ದು. ಮೇಲೆ ತಲೆಬರಹದಲ್ಲಿ ಗ್ಯಾರೇಜ್. ಅಂಗೈ ಅಗಲದ ಕಾಗದದಲ್ಲಿ ನಾಲ್ಕು ‘ಏಜು’. ದಿನಬಳಕೆಯ ಮಾತಿನ ಬಗ್ಗೆ ಉಪನ್ಯಾಸ ಇರಲಿ ಎಂದು ಅವರು ದತ್ತಿಪತ್ರದಲ್ಲಿ ಬರೆಸಿದ್ದರು. ವಿಷಯವನ್ನೂ ಅವರೇ ಬಿಲ್ಲಿನಲ್ಲಿ ಬರೆದಿಟ್ಟು ಹೋಗಿದ್ದಾರೆ ಅನ್ನಿಸಿತು.

ನಿಮ್ಮ ದಿನವನ್ನೂ ಒಮ್ಮೆ ಎಣಿಸಿ ನೋಡಿ. ಎದ್ದ ಕೂಡಲೇ ಮೆಸೇಜು ನೋಡುತ್ತೇವೆ. ಬಸ್ಸಿಗೆ ಲಗೇಜು ಹಾಕುತ್ತೇವೆ. ಮಗನಿಗೆ ಪರ್ಸೆಂಟೇಜು ಎಷ್ಟು ಬಂತು ಎಂದು ಕೇಳಿಸಿಕೊಳ್ಳದ ತಂದೆಯಿಲ್ಲ. ಆಲೂಗಡ್ಡೆ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ಬಿದ್ದ ಮೊಣಕಾಲಿಗೆ ಬ್ಯಾಂಡೇಜು ಬರುತ್ತದೆ. ಶಾಲೆಯಲ್ಲಂತೂ ಕನ್ನಡವನ್ನು ಕಲಿಯುವುದೇ ‘ಫಸ್ಟ್ ಲಾಂಗ್ವೇಜ್’ ಎಂಬ ಹೆಸರಿನಲ್ಲಿ. ಇವೆಲ್ಲ ಇಂಗ್ಲಿಷಿನಿಂದ ಬಂದವು ಎಂದು ನಮಗೆ ಗೊತ್ತು. ಆದರೆ ಇವುಗಳ ಹಿಂದೆ ನೇತಾಡುವ ಬಾಲ ಇಂಗ್ಲಿಷಿನದಲ್ಲ. ಅದು ಫ್ರೆಂಚರದು, ಅವರಿಗೆ ಲ್ಯಾಟಿನ್ನಿನಿಂದ ಬಂದದ್ದು.

ಲ್ಯಾಟಿನ್ನಿನಲ್ಲಿ ‘ಆತಿಕುಸ್’ ಎಂಬ ಒಂದು ಪ್ರತ್ಯಯವಿತ್ತು. ನಪುಂಸಕಲಿಂಗದಲ್ಲಿ ಅದು ‘ಆತಿಕುಮ್’. ‘ಇದಕ್ಕೆ ಸೇರಿದ್ದು, ಇದರ ಸಂಬಂಧದ್ದು’ ಎನ್ನುವುದು ಅದರ ಅರ್ಥ. ನಾಮಪದದಿಂದ ವಿಶೇಷಣ ಮಾಡುವ ಸಾಧು ಪ್ರತ್ಯಯ. ‘ವಿಯಾ’ ಎಂದರೆ ದಾರಿ. ‘ವಿಯಾತಿಕುಮ್’ ಎಂದರೆ ದಾರಿಗೆ ಸಂಬಂಧಿಸಿದ್ದು, ಅಂದರೆ ಪ್ರಯಾಣಕ್ಕೆ ಕಟ್ಟಿಕೊಳ್ಳುವ ಅನ್ನ, ಕಾಸು. ನಮ್ಮ ಬುತ್ತಿ. ಈ ಬುತ್ತಿಯೇ ಫ್ರಾನ್ಸಿನಲ್ಲಿ ಸವೆದು ಸವೆದು ‘ವೊಯಾಜ್’ ಆಯಿತು, ಇಂಗ್ಲಿಷಿನಲ್ಲಿ ‘ವಾಯೇಜ್’. ಬುತ್ತಿ ಎಂಬ ಮಾತು ಪ್ರಯಾಣವನ್ನೇ ನುಂಗಿಬಿಟ್ಟಿತು.

ಆತಿಕುಮ್ ಎಲ್ಲಿ, ಏಜು ಎಲ್ಲಿ ಎಂದು ನೀವು ಕೇಳಬಹುದು. ಜನರ ಬಾಯಲ್ಲಿ ಮೊದಲು ‘ತ’ಕಾರ ಮೆತ್ತಗಾಗಿ ‘ದ’ ಆಯಿತು, ‘ಕ’ ‘ಗ’ ಆಯಿತು, ನಡುವಿನ ಸ್ವರ ಬಿದ್ದುಹೋಗಿ ‘ದ್’ ಪಕ್ಕದ ವ್ಯಂಜನಕ್ಕೆ ಒತ್ತಿಕೊಂಡು ‘ಜ’ ಹುಟ್ಟಿತು. ಇದು ನಮಗೆ ಹೊಸದಲ್ಲ. ಸಂಧ್ಯೆ ನಮ್ಮಲ್ಲಿ ಸಂಜೆಯಾಗಿದೆ, ವಿದ್ಯೆ ಬಿಜ್ಜೆಯಾಗಿದೆ, ಯಾತ್ರೆ ಜಾತ್ರೆಯಾಗಿದೆ. ಕಾರಣಗಳು ಒಂದೇ ಅಲ್ಲ, ಆದರೆ ನಾಲಿಗೆ ಅಂಗುಳದ ಕಡೆ ಜಾರುವ ಆಲಸ್ಯ ಒಂದೇ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೇ ಒಂದು ಪ್ರಕರಣ ಮೀಸಲಿಟ್ಟದ್ದು 13ನೆಯ ಶತಮಾನದಲ್ಲಿ. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಇಂಗ್ಲೆಂಡಿನವರು ಈ ‘ಏಜು’ಗಳನ್ನು ಬುಟ್ಟಿಬುಟ್ಟಿಯಾಗಿ ಒಳಗೆ ಹಾಕಿಕೊಳ್ಳುತ್ತಿದ್ದರು. ಅವರಿಗೊಬ್ಬ ಕೇಶಿರಾಜ ಇರಲಿಲ್ಲ.

ವಿಶೇಷಣವೊಂದು ನಾಮಪದವನ್ನು ನುಂಗುವುದನ್ನು ನೋಡಬೇಕಾದರೆ ಚೀಸಿನ ಕಥೆ ಕೇಳಬೇಕು. ಲ್ಯಾಟಿನ್ನಿನಲ್ಲಿ ಚೀಸಿಗೆ ‘ಕಾಸೆಉಸ್’. ಅಚ್ಚಿನಲ್ಲಿ ಒತ್ತಿ ಮಾಡಿದ್ದು ‘ಕಾಸೆಉಸ್ ಫೊರ್ಮಾತಿಕುಸ್’, ಅಚ್ಚಿನ ಚೀಸು. ಕಾಲ ಹೋದಂತೆ ಚೀಸು ಬಿದ್ದುಹೋಗಿ ‘ಅಚ್ಚಿನದು’ ಮಾತ್ರ ಉಳಿಯಿತು. ಇಂದಿನ ಫ್ರೆಂಚಿನ ‘ಫ್ರೊಮಾಜ್’ ಅದೇ. ಹೋಟೆಲಿನಲ್ಲಿ ನಮ್ಮ ಮಾಣಿ ಅಡುಗೆಮನೆಯತ್ತ ಕೂಗುವುದನ್ನು ನೆನೆಯಿರಿ: ಎರಡು ಮಸಾಲೆ, ಒಂದು ಸಾದಾ! ದೋಸೆ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

‘ಸಿಲ್ವಾ’ ಎಂದರೆ ಕಾಡು. ‘ಸಿಲ್ವಾತಿಕುಸ್’ ಕಾಡಿನದು. ಅದು ಫ್ರೆಂಚಿನಲ್ಲಿ ‘ಸೊವಾಜ್’, ಇಂಗ್ಲಿಷಿನಲ್ಲಿ ‘ಸ್ಯಾವೇಜ್’ ಆಗಿ, ವಸಾಹತುಗಳ ಕಾಲದಲ್ಲಿ ಕಂಡಕಂಡ ಜನಾಂಗಗಳ ಹಣೆಗೆ ಹಚ್ಚುವ ಮಸಿಯಾಯಿತು. ಮೂಲದಲ್ಲಿ ಅದರಲ್ಲಿ ಬೈಗುಳವಿರಲಿಲ್ಲ; ಮರಗಿಡ ಮಾತ್ರ ಇತ್ತು. ಊರಿನವರು ಕಾಡಿನವರನ್ನು ನೋಡುವ ಕಣ್ಣು ಎಲ್ಲ ಭಾಷೆಯಲ್ಲೂ ಹೀಗೇ ಕೆಟ್ಟಿದೆ. ನಮ್ಮ ‘ಕಾಡುಮನುಷ್ಯ’ ಏನು ಕಡಿಮೆ? ಇನ್ನು ಪೇಟೆಯವರು ಊರಿನವರನ್ನು ನೋಡುವ ಕಣ್ಣು. ‘ವಿಲ್ಲಾ’ ಎಂದರೆ ರೋಮನ್ನರ ಕಾಲದ ತೋಟದ ಮನೆ, ಹೊಲಗದ್ದೆ ಸಮೇತ. ಅದರ ಸುತ್ತ ಬೆಳೆದ ವಸತಿ ‘ವಿಲೇಜ್’. ಅಲ್ಲಿ ದುಡಿಯುವವನು ‘ವಿಲ್ಲಾನುಸ್’. ಅವನೇ ಮುಂದೆ ವಿಲನ್. ನಮ್ಮ ಸಿನಿಮಾಗಳಲ್ಲಿ ವಜ್ರಮುನಿಯವರು ಹಲ್ಲು ಕಚ್ಚಿ ಬಂದರೆ ನಾವು ವಿಲನ್ ಬಂದ ಎನ್ನುತ್ತೇವೆ. ವ್ಯುತ್ಪತ್ತಿಯ ಲೆಕ್ಕದಲ್ಲಿ ಬಂದದ್ದು ಒಬ್ಬ ರೈತ. ನಗಬೇಡಿ. ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಎನ್ನುವುದು ಕಾವ್ಯದೋಷ, ಮನೆಮಾತಿನಲ್ಲಿ ‘ಹಳ್ಳಿ ಗುಗ್ಗು’ ಇಂದಿಗೂ ಬೈಗುಳ.

ಇದೇ ಸಾಲಿನಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು ‘ಕರೇಜ್’. ‘ಕೊರ್’ ಎಂದರೆ ಹೃದಯ, ಎದೆ; ಅದಕ್ಕೆ ಬಾಲ ಸೇರಿ ‘ಕುರಾಜ್’. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಮಾತು ಇದೆಯೇ ಎಂದು ನಿಘಂಟು ತೆರೆಯಬೇಕಿಲ್ಲ. ಎದೆಗಾರಿಕೆ. ಅಲ್ಲೂ ಎದೆ, ಇಲ್ಲೂ ಎದೆ. ಅಲ್ಲೂ ಅದಕ್ಕೆ ಅಂಟಿಸಿದ ಪ್ರತ್ಯಯ, ಇಲ್ಲೂ ಅಷ್ಟೇ. ನಮ್ಮ ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು ಎಂಬುದನ್ನು ಮಾತ್ರ ನೆನಪಿನಲ್ಲಿಡಿ. ಅಚ್ಚಗನ್ನಡದ ಎದೆಗೆ ಹೊರಗಿನಿಂದ ತಂದ ಬಾಲ ಹೊಲಿದಿದ್ದೇವೆ, ಹೊಲಿಗೆ ಕಾಣುವುದೇ ಇಲ್ಲ. ಈ ಹೊಲಿಗೆಯ ಮಾತಿಗೆ ಮತ್ತೆ ಬರುತ್ತೇನೆ.

ಬಾಲವೇ ದೇಹವನ್ನು ತಿಂದ ಒಂದು ಪದವೂ ಇದೆ. ವಯಸ್ಸಿಗೆ ಲ್ಯಾಟಿನ್ನಿನಲ್ಲಿ ‘ಐತಾಸ್’. ಅದಕ್ಕೆ ಆತಿಕುಮ್ ಸೇರಿ ‘ಐತಾತಿಕುಮ್’. ಸವೆಯುತ್ತ ಸವೆಯುತ್ತ ಮೂಲಧಾತು ಪೂರಾ ಕರಗಿಹೋಯಿತು. ಉಳಿದದ್ದು ಬಾಲ ಮಾತ್ರ, ‘ಏಜ್’. ಫ್ರೆಂಚಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಮೇಲೆ ಒಂದು ಟೋಪಿಯಂಥ ಗುರುತು ಹಾಕುತ್ತಾರೆ. ಕಳೆದುಹೋದ ಸ್ವರದ ಸಮಾಧಿ ಅದು. ವಯಸ್ಸಾದವರು ನಿಮ್ಮ ಏಜ್ ಎಷ್ಟು ಎಂದು ಕೇಳಿದರೆ ಅವರು ಉಚ್ಚರಿಸುತ್ತಿರುವುದು ಬರಿಯ ಪ್ರತ್ಯಯ.

ಈ ಬಾಲ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು ಹೇಗೆ? 1066ರ ಅಕ್ಟೋಬರಿನಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸಿನಲ್ಲಿ ಗೆದ್ದ. ಅಲ್ಲಿಂದ ಸುಮಾರು ಮುನ್ನೂರು ವರ್ಷ ಇಂಗ್ಲೆಂಡಿನ ದೊರೆ, ದಂಡನಾಯಕ, ನ್ಯಾಯಾಧೀಶರೆಲ್ಲ ಫ್ರೆಂಚಿನಲ್ಲಿ ವ್ಯವಹರಿಸಿದರು. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಬೇಕು ಎಂದು ಕಾಯ್ದೆ ಮಾಡಬೇಕಾಗಿ ಬಂದದ್ದು 1362ರಲ್ಲಿ. ತಮ್ಮ ದೇಶದಲ್ಲಿ ತಮ್ಮ ಭಾಷೆಗೆ ಕಾಯ್ದೆ! ಕನ್ನಡಿಗರಿಗೆ ಇದರ ರುಚಿ ವಿವರಿಸಬೇಕಿಲ್ಲ.

ಆಳುವವರ ಭಾಷೆ ಮೊದಲು ಮುಟ್ಟುವುದು ಯಾವುದನ್ನು? ತಿಜೋರಿಯನ್ನು. ಮಧ್ಯಯುಗದ ಇಂಗ್ಲೆಂಡಿನ ಸನ್ನದುಗಳನ್ನು ತೆರೆದರೆ ಈ ಬಾಲ ಸುಂಕದ ಬಾಲವಾಗಿ ಕುಣಿಯುತ್ತದೆ. ಸೇತುವೆ ದಾಟಲು ಪಾಂಟೇಜ್. ಊರ ಗೋಡೆ ಕಟ್ಟಲು ಮ್ಯೂರೇಜ್. ರಸ್ತೆಗೆ ಕಲ್ಲು ಹಾಸಲು ಪೇವೇಜ್. ಸಂತೆಯಲ್ಲಿ ಅಂಗಡಿ ಹೂಡಲು ಸ್ಟಾಲೇಜ್. ಕಾಡಿನ ದಾರಿಯಲ್ಲಿ ಗಾಡಿ ಹೊಡೆಯಲು ಚಿಮಿನೇಜ್. ಹಂದಿಗಳನ್ನು ಓಕ್ ಕಾಯಿ ಮೇಯಲು ಕಾಡಿಗೆ ಬಿಟ್ಟರೆ ಪ್ಯಾನೇಜ್. ಯುದ್ಧಕ್ಕೆ ಬರಲೊಲ್ಲದ ಸರದಾರ ಅದರ ಬದಲು ಕಟ್ಟುವ ಹಣ ಸ್ಕ್ಯೂಟೇಜ್. ‘ಸ್ಕೂತುಮ್’ ಎಂದರೆ ಗುರಾಣಿ. ಈ ಗುರಾಣಿ ತೆರಿಗೆಯ ಮೇಲೆ ಸರದಾರರು ಎಷ್ಟು ಸಿಟ್ಟಾಗಿದ್ದರೆಂದರೆ, ರಾಜ್ಯದ ಸಭೆಯ ಒಪ್ಪಿಗೆ ಇಲ್ಲದೆ ಅದನ್ನು ಹಾಕಕೂಡದು ಎಂದು 1215ರ ಮ್ಯಾಗ್ನಾ ಕಾರ್ಟಾದಲ್ಲಿ ಬರೆಸಿಕೊಂಡರು.

ನಮ್ಮ ಶಾಸನಗಳನ್ನು ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಗಾಣದೆರೆ, ಮಗ್ಗದೆರೆ, ಮನೆದೆರೆ. ‘ತೆರೆ’ ಎಂಬ ಒಂದು ಬಾಲ ಸಿಕ್ಕಿದರೆ ಸಾಕು, ಅಧಿಕಾರಿ ಅದನ್ನು ಯಾವ ವಸ್ತುವಿಗೂ ಕಟ್ಟಬಲ್ಲ. ವ್ಯಾಕರಣ ಬೆಳೆಯುವುದು ಕವಿಗಳಿಂದ ಎಂದು ನಾವು ಮೇಷ್ಟ್ರುಗಳು ಪಾಠ ಹೇಳುತ್ತೇವೆ. ಸುಂಕದ ಕಟ್ಟೆಯವರ ಪಾಲನ್ನು ಯಾರೂ ಹೇಳುವುದಿಲ್ಲ. ಫ್ರಾನ್ಸಿನ ಹೆದ್ದಾರಿಗಳ ಟೋಲ್ ಗೇಟಿನ ಫಲಕದಲ್ಲಿ ಇವತ್ತಿಗೂ ‘ಪೇಯಾಜ್’ ಎಂದಿರುತ್ತದೆ. ಲ್ಯಾಟಿನ್ನಿನ ‘ಪೆಸ್’, ಪಾದ, ಅದರ ಮೂಲ. ಕಾಲಿಟ್ಟದ್ದಕ್ಕೆ ಸುಂಕ. ಆ ಮಧ್ಯಯುಗದ ಪಟ್ಟಿ ಪೂರಾ ಸತ್ತಿಲ್ಲ ಕೂಡ. ನಮ್ಮ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ ಖಾಲಿ ಮಾಡಲು ತಡವಾದರೆ ಡೆಮರೇಜು, ಇಳಿಸಿದ ಸರಕನ್ನು ಎತ್ತಿಕೊಂಡು ಹೋಗದಿದ್ದರೆ ವಾರ್ಫೇಜು. ಸಿಮೆಂಟು, ಗೊಬ್ಬರದ ವ್ಯಾಪಾರಿಗಳು ಈ ಎರಡು ಹೆಸರಿಗೆ ಹೆದರುವಷ್ಟು ಯಮನಿಗೂ ಹೆದರಲಾರರು.

ಇಷ್ಟಾದರೂ ಇವು ಎರವಲು ಪದಗಳೇ. ಇಂಗ್ಲಿಷ್ ನಿಜವಾದ ಕೈಚಳಕ ತೋರಿಸಿದ್ದು ಆಮೇಲೆ. ಫ್ರೆಂಚಿನಿಂದ ‘ಪಾಸ್’ ಬಂದಿತ್ತು, ‘ಪ್ಯಾಸೇಜ್’ ಕೂಡ ಬಂದಿತ್ತು. ‘ಮ್ಯಾರಿ’ ಬಂದಿತ್ತು, ‘ಮ್ಯಾರೇಜ್’ ಕೂಡ ಬಂದಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಸಾಮಾನ್ಯ ಜನರಿಗೆ, ಯಾವ ವೈಯಾಕರಣನೂ ಹೇಳಿಕೊಡದೆ, ಹೊಲಿಗೆ ಎಲ್ಲಿದೆ ಎಂದು ತಿಳಿಯಿತು. ಬಿಚ್ಚಿದರು. ಬಿಚ್ಚಿದ ಬಾಲವನ್ನು ತಮ್ಮ ಮನೆಯ ಪದಗಳಿಗೆ ಹೊಲಿದರು. ‘ಕಾಟ್’ ಎಂಬ ಇಂಗ್ಲಿಷ್ ಗುಡಿಸಿಲಿಗೆ ಹೊಲಿದು ಕಾಟೇಜ್. ‘ಲೀಕ್’ಗೆ ಹೊಲಿದು ಲೀಕೇಜ್. ಫ್ರೆಂಚಿನಿಂದ ‘ಬ್ಯಾಗೇಜ್’ ಬಂದು ಕೂತಿದ್ದರೂ, ಎಳೆದೊಯ್ಯುವುದಕ್ಕೆ ತಮ್ಮಲ್ಲಿದ್ದ ‘ಲಗ್’ ಎಂಬ ಒರಟು ಕ್ರಿಯಾಪದಕ್ಕೆ 16ನೆಯ ಶತಮಾನದ ಕೊನೆಗೆ ಬಾಲ ಕಟ್ಟಿ ಲಗೇಜ್ ಮಾಡಿದರು. ಎಳೆಯಲಾರದೆ ಎಳೆಯುವ ಹೊರೆ. ಈ ಅರ್ಥ ಗೊತ್ತಾದ ಮೇಲೆ ನನಗೆ ಬಸ್ ಸ್ಟ್ಯಾಂಡಿನಲ್ಲಿ ಲಗೇಜು ಕೊಂಚ ಹೆಚ್ಚೇ ಭಾರವಾಗಿದೆ. ಷಾರ್ಟೇಜ್ ಅಮೆರಿಕದವರದು, 19ನೆಯ ಶತಮಾನದ್ದು. ವೋಲ್ಟೇಜಿನಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾನ ಹೆಸರಿದೆ. 1800ರಲ್ಲಿ ಬ್ಯಾಟರಿ ಕಟ್ಟಿ ತೋರಿಸಿದವನು. ‘ವೋಲ್ಟೇಜ್ ಇಲ್ಲ, ಮೋಟ್ರು ನೀರೆತ್ತಲ್ಲ’ ಎನ್ನುವ ನಮ್ಮ ರೈತನ ಒಂದು ಮಾತಿನಲ್ಲಿ ಇಟಲಿಯ ಮನುಷ್ಯ, ರೋಮಿನ ಪ್ರತ್ಯಯ, ಫ್ರೆಂಚರ ಉಚ್ಚಾರ, ಇಂಗ್ಲಿಷರ ಹೊಲಿಗೆ ಎಲ್ಲವೂ ಕೂತಿವೆ.

ಮೈಲೇಜ್ ಕೂಡ ಇಂಗ್ಲಿಷಿನ ಸ್ವಂತ ತಯಾರಿ. 18ನೆಯ ಶತಮಾನದಲ್ಲಿ ಅದರ ಅರ್ಥ, ಮೈಲಿಗೆ ಇಷ್ಟು ಎಂದು ಕೊಡುವ ಪ್ರಯಾಣ ಭತ್ಯೆ. ನಮ್ಮಲ್ಲಿ 1956ರ ಕಾಯ್ದೆಯ ನಂತರ ಮೈಲಿ ಹೋಗಿ ಕಿಲೋಮೀಟರು ಬಂತು, ಗ್ಯಾಲನ್ ಹೋಗಿ ಲೀಟರು ಬಂತು. ಮೈಲೇಜು ಮಾತ್ರ ಹೋಗಲಿಲ್ಲ. ನಾನು ತುಮಕೂರಿನ ಕಡೆಯವನು; ನಮ್ಮಲ್ಲಿ ಗಾಡಿ ಮೈಲೇಜ್ ಎಷ್ಟು ಕೊಡುತ್ತೆ ಎಂದು ಕೇಳುತ್ತೇವೆ. ಇಲ್ಲಿ, ನಿಮ್ಮ ಹುಬ್ಬಳ್ಳಿಯಲ್ಲಿ, ‘ಗಾಡಿ ಎವರೇಜ್ ಎಷ್ಟ್ ಕೊಡ್ತದ್ರಿ?’ ಎಂದು ಕೇಳುವುದನ್ನು ಮೊದಲ ಸಲ ಕೇಳಿದಾಗ ತಬ್ಬಿಬ್ಬಾಗಿದ್ದೆ. ಆಮೇಲೆ ಆ ಎವರೇಜಿನ ಹಿಂದೆ ಬಿದ್ದೆ. ಅದೊಂದು ಸಮುದ್ರದ ಕಥೆ.

ಅರಬ್ಬಿಯಲ್ಲಿ ‘ಅವಾರ್’ ಎಂದರೆ ಊನ, ಸರಕಿಗೆ ಆದ ಕೆಡುಕು. ಮೆಡಿಟರೇನಿಯನ್ ಸಮುದ್ರದ ವ್ಯಾಪಾರಿಗಳ ಬಾಯಲ್ಲಿ ಅದು ಇಟಲಿಯಲ್ಲಿ ‘ಅವರೀಯಾ’ ಆಯಿತು, ಫ್ರೆಂಚಿನಲ್ಲಿ ‘ಅವರೀ’. ಇಂಗ್ಲಿಷಿಗೆ ಬರುವ ಹೊತ್ತಿಗೆ ಪಕ್ಕದಲ್ಲಿ ಡ್ಯಾಮೇಜ್ ಎಂಬ ಅದೇ ಅರ್ಥದ ಪದ ಕೂತಿತ್ತು. ಅದನ್ನು ನೋಡಿ ಇದಕ್ಕೂ ಅಂಥದೇ ಬಾಲ ಬಂತು. ಹಡಗು ಬಿರುಗಾಳಿಗೆ ಸಿಕ್ಕಾಗ ನಾವಿಕ ಏನು ಮಾಡುತ್ತಾನೆ? ಕೆಲವು ಮೂಟೆಗಳನ್ನು ಸಮುದ್ರಕ್ಕೆ ಎಸೆದು ಹಡಗನ್ನು ಹಗುರ ಮಾಡುತ್ತಾನೆ. ಎಸೆದದ್ದು ಒಬ್ಬನ ಮೂಟೆ, ಉಳಿದದ್ದು ಎಲ್ಲರ ಸರಕು. ಆ ಒಬ್ಬನೇ ನಷ್ಟ ತಿನ್ನುವುದು ನ್ಯಾಯವಲ್ಲ. ಆದ್ದರಿಂದ ನಷ್ಟವನ್ನು ಎಲ್ಲ ಮಾಲೀಕರೂ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ರೋಡ್ಸ್ ದ್ವೀಪದ ಈ ಕಟ್ಟಳೆಯನ್ನು ರೋಮನ್ನರು ತಮ್ಮ ಕಾನೂನಿಗೆ ಸೇರಿಸಿಕೊಂಡರು. ಹಾಗೆ ಹಂಚುವ ಲೆಕ್ಕವೇ ಆವರೇಜ್. ಎಲ್ಲರಿಗೂ ಸಮವಾಗಿ ಬರುವಂತೆ ಹಂಚುವುದು ಎಂಬ ಅರ್ಥದಿಂದ ಗಣಿತದ ಸರಾಸರಿ ಹುಟ್ಟಿದ್ದು 18ನೆಯ ಶತಮಾನದಲ್ಲಿ.

ಹಳೆಯ ಅರ್ಥ ಬದುಕಿದೆ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡದ್ದು ನಿಮಗೆ ನೆನಪಿರಬಹುದು. ಆರು ದಿನಕ್ಕೆ ಬಿಡಿಸಿದರು. ಬಿಡಿಸಿದ ಮೇಲೆ ಹಡಗಿನ ಒಡೆಯರು ಮಾಡಿದ ಕೆಲಸ, ‘ಜನರಲ್ ಆವರೇಜ್’ ಘೋಷಣೆ. ಅಂದರೆ, ಬಿಡಿಸಿದ ಖರ್ಚಿನಲ್ಲಿ ಒಳಗಿನ ಪೆಟ್ಟಿಗೆಗಳ ಮಾಲೀಕರೆಲ್ಲರೂ ಪಾಲು ಹಾಕಬೇಕು. ನಮ್ಮ ದೇಶದ 1963ರ ಸಾಗರ ವಿಮಾ ಕಾಯ್ದೆಯಲ್ಲೂ ಈ ಮಾತು ಇದೇ ಅರ್ಥದಲ್ಲಿದೆ. ಹುಬ್ಬಳ್ಳಿಯ ಎವರೇಜು ಮೈಲೇಜಿನ ಅಪಭ್ರಂಶವಲ್ಲ, ಮೆಡಿಟರೇನಿಯನ್ ಕಡಲಿನ ಗಾಳಿ ಕಂಡ ಪದ. ತುಮಕೂರಿನವನಾಗಿ ನಾನು ಸೋಲೊಪ್ಪುತ್ತೇನೆ.

ಈಗ ಉಚ್ಚಾರದ ಮಾತು. ನಮ್ಮ ಕಾನ್ವೆಂಟಿನ ಮೊಮ್ಮಕ್ಕಳು ನಮ್ಮನ್ನು ತಿದ್ದುವುದೇ ಇಲ್ಲಿ. ‘ತಾತ, ಅದು ವಿಲೇಜ್ ಅಲ್ಲ, ವಿಲಿಜ್. ಮೆಸೇಜ್ ಅಲ್ಲ, ಮೆಸಿಜ್.’ ಮಗು ಹೇಳುವುದು ಸರಿ. ಇಂಗ್ಲೆಂಡಿನಲ್ಲಿ ಈ ಬಾಲ ಕುಗ್ಗಿ ‘ಇಜ್’ ಆಗಿದೆ. ಆ ಭಾಷೆಯವರು ಪದದ ಮೊದಲ ಭಾಗಕ್ಕೆ ಒತ್ತು ಕೊಡುತ್ತಾರೆ. ಒತ್ತೆಲ್ಲ ತಲೆಗೆ ಹೋದರೆ ಬಾಲ ಬಾಡುತ್ತದೆ. ಹಾಗಾದರೆ ನಮಗೆ ದೀರ್ಘ ‘ಏ’ ಎಲ್ಲಿಂದ ಬಂತು? ಪುಸ್ತಕದಿಂದ. ನಮ್ಮ ಹಿರಿಯರು ಇಂಗ್ಲಿಷನ್ನು ಕಿವಿಯಿಂದ ಕಲಿತವರಲ್ಲ, ಕಣ್ಣಿನಿಂದ ಕಲಿತವರು. ಕಾಗದದ ಮೇಲೆ ಬರೆದ ‘ಏಜ್’ ಅನ್ನು ಇದ್ದಂತೆ ಓದಿದರು. ಕರ್ನಾಟಕದಲ್ಲಿ ಮಾತ್ರವಲ್ಲ, ಭಾರತದ ಉದ್ದಗಲಕ್ಕೂ ಹೀಗೆಯೇ ಆಗಿದೆ. ಕಾಲೇಜು ಕೂಡ ಇಂಥದೇ ಕಣ್ಣಿನ ಪದ, ಬಾಲ ಬೇರೆಯಾದರೂ. ಮಸಾಜು ಮಾತ್ರ ಕಿವಿಯಿಂದ ಬಂದಿದೆ. ಕ್ಷೌರದಂಗಡಿಗೆ ಪುಸ್ತಕ ಬೇಕಿರಲಿಲ್ಲ.

ಆದರೆ ಮೊಮ್ಮಗನಿಗೆ ಹೇಳಲು ನನ್ನ ಬಳಿ ಒಂದು ಉತ್ತರವಿದೆ. ವಿಲಿಯಂ ಹಡಗಿನಿಂದ ಇಳಿದಾಗ ಅವನ ಜನ ಈ ಪದಗಳನ್ನು ಹೇಗೆ ನುಡಿಯುತ್ತಿದ್ದರು? ಬಾಲದಲ್ಲಿ ತುಂಬು ಸ್ವರವಿತ್ತು, ಒತ್ತು ಅದರ ಮೇಲೇ ಇತ್ತು. ವ್ಯಂಜನ ನಮ್ಮ ‘ಜ’ದಂಥ ಗಟ್ಟಿ ‘ಜ’. ಕೊನೆಗೊಂದು ಅರೆಸ್ವರವೂ ಕೇಳುತ್ತಿತ್ತು. ಪ್ಯಾರಿಸಿನವರು 13ನೆಯ ಶತಮಾನದಲ್ಲಿ ಆ ‘ಜ’ವನ್ನು ಸವೆಸಿ, ನಮ್ಮಲ್ಲಿ ಅಕ್ಷರವೇ ಇಲ್ಲದ ಒಂದು ಉಜ್ಜುವ ಸದ್ದಾಗಿಸಿದರು, ಕೊನೆಯ ಅರೆಸ್ವರವನ್ನೂ ಆಮೇಲೆ ಬಿಟ್ಟರು. ಇಂಗ್ಲಿಷರು ‘ಜ’ ಉಳಿಸಿಕೊಂಡು ಸ್ವರವನ್ನು ಕುಗ್ಗಿಸಿದರು. ಕನ್ನಡಿಗರು ಏನು ಮಾಡಿದ್ದೇವೆ? ‘ಮ್ಯಾರೇಜು.’ ತುಂಬು ಸ್ವರ ಇದೆ, ಗಟ್ಟಿ ‘ಜ’ ಇದೆ, ವ್ಯಂಜನದಲ್ಲಿ ಪದ ನಿಲ್ಲಬಾರದೆಂದು ನಾವು ಸೇರಿಸಿದ ‘ಉ’ ಕೂಡ ಇದೆ. ನಾರ್ಮನ್ನರು ಇಂದು ಎದ್ದುಬಂದರೆ ಲಂಡನ್ನಿನಲ್ಲೂ ಪ್ಯಾರಿಸಿನಲ್ಲೂ ತಲೆ ಕೆರೆದುಕೊಂಡು, ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಕೊಂಚ ನಿರಾಳವಾದಾರು. ಇದು ಆಕಸ್ಮಿಕ, ನಮ್ಮ ಹಿರಿಮೆಯಲ್ಲ. ಆದರೂ ಮೊಮ್ಮಗನ ಬಾಯಿ ಮುಚ್ಚಿಸಲು ಸಾಕು.

ಇಂಗ್ಲಿಷಿನಲ್ಲೇ ಈ ಬಾಲಕ್ಕೆ ಎರಡು ಉಚ್ಚಾರ ಇರುವುದು ಪದದ ವಲಸೆಯ ಕಾಲ ಹೇಳುವ ಮುದ್ರೆಯಂತೆ. ‘ಇಜ್’ ಎಂದಾದವು ಹಳಬರು, ನಾರ್ಮನ್ನರ ಹಿಂದೆಯೇ ಬಂದವು. 17ನೆಯ ಶತಮಾನದಿಂದೀಚೆ ಬಂದ ಮಿರಾಜ್, ಕ್ಯಾಮೊಫ್ಲಾಜ್, ಸ್ಯಾಬೊಟಾಜ್ ಇವೆಲ್ಲ ಫ್ರೆಂಚ್ ಸೂಟು ಇನ್ನೂ ಬಿಚ್ಚಿಲ್ಲ. ಸ್ಯಾಬೊಟಾಜ್ ಬಗ್ಗೆ ಒಂದು ಕಟ್ಟುಕಥೆಯಿದೆ, ಕಾರ್ಮಿಕರು ಮರದ ಬೂಟನ್ನು ಯಂತ್ರದೊಳಗೆ ಎಸೆದು ಹಾಳುಗೆಡವಿದರಂತೆ. ನಂಬಬೇಡಿ. ಮರದ ಬೂಟು ‘ಸಾಬೊ’ ಹೌದು. ಅದನ್ನು ತೊಟ್ಟವನಂತೆ ದಡಬಡ ಕೆಲಸ ಕೆಡಿಸುವುದೇ ಮೂಲದ ಅರ್ಥ. ಇಂಗ್ಲಿಷಿಗೆ ಅದು ಹಬ್ಬಿದ್ದು 1910ರ ಫ್ರಾನ್ಸಿನ ರೈಲ್ವೆ ಮುಷ್ಕರದ ಸುದ್ದಿಯೊಡನೆ. ನಮ್ಮ ಯಜಮಾನರ ಗ್ಯಾರೇಜು ಈ ಎರಡು ಗುಂಪಿನ ನಡುವೆ ಸಿಕ್ಕಿಕೊಂಡಿದೆ. ಇಂಗ್ಲಿಷಿನಲ್ಲಿ ಮೊದಲು ಕಾಣಿಸಿದ್ದು 1902ರಲ್ಲಿ. ಇಂದಿಗೂ ಬ್ರಿಟನ್ನಿನಲ್ಲೊಬ್ಬ ಗ್ಯಾರಿಜ್ ಎಂದರೆ ಪಕ್ಕದವನು ಗ್ಯಾರಾಜ್ ಎನ್ನುತ್ತಾನೆ, ಅಮೆರಿಕದವನು ಗರಾಜ್. ಫ್ರೆಂಚಿನಲ್ಲಿ ಅದರ ಮೂಲಕ್ಕೂ ಮೋಟಾರಿಗೂ ಸಂಬಂಧವಿರಲಿಲ್ಲ. ದೋಣಿಯನ್ನು ಸುರಕ್ಷಿತ ಜಾಗಕ್ಕೆ ಸರಿಸಿ ಕಟ್ಟುವುದು ‘ಗಾರೇ’. ದೋಣಿ ಹೋಗಿ ರೈಲು ಬಂತು. ಪ್ಯಾರಿಸಿನ ರೈಲು ನಿಲ್ದಾಣಗಳಿಗೆ ಇಂದಿಗೂ ‘ಗಾರ್’. ರೈಲಿನ ಹಿಂದೆ ಕಾರು ಬಂತು. ಕಾರಿನ ಹಿಂದೆ ಹುಬ್ಬಳ್ಳಿಯ ಲಾರಿ.

ಬಾಲ ಇದ್ದ ಮಾತ್ರಕ್ಕೆ ಎಲ್ಲವೂ ಈ ವಂಶದವಲ್ಲ. ಕ್ಯಾಬೇಜು ಇಲ್ಲಿ ವೇಷಧಾರಿ. ಉತ್ತರ ಫ್ರಾನ್ಸಿನ ‘ಕಾಬೋಶ್’, ಅಂದರೆ ತಲೆ, ಇಂಗ್ಲಿಷಿಗೆ ಬಂದು ಉಳಿದವರ ಬಾಲ ನೋಡಿ ತಾನೂ ಒಂದು ಇಟ್ಟುಕೊಂಡಿತು. ಸಾಸೇಜಿನದೂ ಅದೇ ಪಾಡು. ಮಾರ್ಟ್‌ಗೇಜ್ ಎರಡು ಪದಗಳ ಸಮಾಸ: ‘ಮಾರ್ಟ್’ ಸತ್ತದ್ದು, ‘ಗೇಜ್’ ಒತ್ತೆ. ಸತ್ತ ಒತ್ತೆ ಏಕೆ? 12ನೆಯ ಶತಮಾನದ ಕೊನೆಯಲ್ಲಿ ಗ್ಲಾನ್ವಿಲ್ ಹೆಸರಿನಲ್ಲಿ ಬಂದ ಇಂಗ್ಲೆಂಡಿನ ಕಾನೂನು ಗ್ರಂಥದಲ್ಲಿ ವಿವರಣೆಯಿದೆ. ಸಾಲ ಕೊಟ್ಟವನು ಜಮೀನಿನ ಫಸಲು ಉಣ್ಣುತ್ತಾನೆ, ಆದರೆ ಅಸಲಿನಲ್ಲಿ ಅದು ವಜಾ ಆಗುವುದಿಲ್ಲ. ಅಂಥದು ಸತ್ತ ಒತ್ತೆ. ಬೆಂಗಳೂರಿನಲ್ಲಿ ಮನೆಯನ್ನು ‘ಭೋಗ್ಯಕ್ಕೆ’ ಹಾಕಿಕೊಂಡವರಿಗೆ ಇದು ಅರ್ಥವಾಗದೇ ಇರದು. ಹಣ ಕೊಟ್ಟು ಮನೆ ಅನುಭವಿಸಿ, ಅವಧಿ ಮುಗಿದ ಮೇಲೆ ಅಸಲು ಪೂರಾ ವಾಪಸು. ಅವರು ಸಾವನ್ನು ಕಂಡಲ್ಲಿ ನಾವು ಭೋಗವನ್ನು ಕಂಡಿದ್ದೇವೆ.

ಕೊನೆಯದಾಗಿ, ಬಿಟ್ಟುಬಂದ ಹೊಲಿಗೆಗೆ ಬರುತ್ತೇನೆ.

ಕನ್ನಡ ಹೊರಗಿನ ಬಾಲವನ್ನು ಬಿಚ್ಚಿ ತನ್ನ ಪದಕ್ಕೆ ಹೊಲಿಯಬಲ್ಲದೇ? ಗಾರ ಹೊಲಿದದ್ದನ್ನು ಆಗಲೇ ಕಂಡೆವು. ಫಾರಸಿಯ ‘ದಾರ’ವನ್ನು ನೋಡಿ. ಅರ್ಜಿ ಬಂತು, ಅರ್ಜಿದಾರ ಬಂದ. ಜಮೀನು ಬಂತು, ಜಮೀನುದಾರ ಬಂದ. ಜೋಡಿ ಜೋಡಿಯಾಗಿ ಬಂದದ್ದರಿಂದ ಹೊಲಿಗೆ ಕಾಣಿಸಿತು. ಬಿಚ್ಚಿದೆವು. ಪಾಲುದಾರ, ಗುತ್ತಿಗೆದಾರ, ಬಾಡಿಗೆದಾರ. ‘ಕೋರ’ ಎಂದರೆ ಫಾರಸಿಯಲ್ಲಿ ತಿನ್ನುವವನು. ಲಂಚಕೋರ ಎಂಬ ಪದ ಎಷ್ಟು ನಮ್ಮದಾಗಿದೆ ಎಂದು ನಾನು ಹೇಳಬೇಕಿಲ್ಲ. ಇಂಗ್ಲಿಷ್ ಫ್ರೆಂಚಿಗೆ ಮಾಡಿದ್ದನ್ನು ನಾವು ಫಾರಸಿಗೆ ಮಾಡಿದ್ದೇವೆ.

ಹಾಗಾದರೆ ಏಜು ಏಕೆ ಬಿಚ್ಚಿಕೊಳ್ಳಲಿಲ್ಲ? ಜೋಡಿಗಳಿಗೆ ಕೊರತೆಯಿಲ್ಲ. ಲೀಕು, ಲೀಕೇಜು. ಪ್ಯಾಕು, ಪ್ಯಾಕೇಜು. ಕವರು, ಕವರೇಜು. ಪೋಸ್ಟು, ಪೋಸ್ಟೇಜು. ಗ್ಯಾರೇಜಿನ ಹುಡುಗನಿಗೆ ಲೀಕಿಗೂ ಲೀಕೇಜಿಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು: ಒಂದು ನಡೆಯುತ್ತಿರುವುದು, ಇನ್ನೊಂದು ಕಾಯಿಲೆ. ಹೊಲಿಗೆ ಅವನ ಕಣ್ಣೆದುರಿಗೇ ಇದೆ. ಆದರೂ ಬಿಚ್ಚಲಿಲ್ಲ. ನನ್ನ ತೀರ್ಮಾನ ಇಷ್ಟು: ಅವಶ್ಯಕತೆ ಬೀಳಲಿಲ್ಲ. ಕ್ರಿಯೆಯಿಂದ ನಾಮಪದ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ‘ಇಕೆ’ ಇದೆ, ‘ತ’ ಇದೆ, ‘ಟ’ ಇದೆ. ಸೋರಿಕೆ, ಹಿಡಿತ, ಓಟ. ಸೋರಿಕೆ ಇರುವಾಗ ಸೋರೇಜು ಯಾರಿಗೆ ಬೇಕು? ದಾರ ಮಾಡುವ ಕೆಲಸಕ್ಕೆ ಅಷ್ಟು ಚೊಕ್ಕವಾದ ಪ್ರತ್ಯಯ ನಮ್ಮಲ್ಲಿರಲಿಲ್ಲ, ಅದನ್ನು ಇಟ್ಟುಕೊಂಡೆವು. ಏಜು ವಿಷಯದಲ್ಲಿ ಸರಕು ಇಳಿಸಿಕೊಂಡೆವು, ಸಲಕರಣೆಯನ್ನು ಹಡಗಿನಲ್ಲೇ ಬಿಟ್ಟೆವು. ಇಂಗ್ಲಿಷ್ ಪದಗಳು ನುಗ್ಗಿ ಕನ್ನಡ ಸತ್ತೇಹೋಯಿತು ಎಂದು ಪ್ರತಿ ನವೆಂಬರಿನಲ್ಲಿ ಅಳುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ಪದ ಬರುವುದು ಬೇರೆ, ಪದ ಮಾಡುವ ಕೈ ಬದಲಾಗುವುದು ಬೇರೆ. ಆ ಕೈ ಇನ್ನೂ ನಮ್ಮದೇ. ಲಗೇಜಿಗೆ, ಲಗೇಜಿನಲ್ಲಿ, ಲಗೇಜನ್ನು ಎಂದು ವಿಭಕ್ತಿ ಹಚ್ಚುವಾಗ ಯಾರೂ ತಡವರಿಸುವುದಿಲ್ಲ.

ಇದು ಇವತ್ತಿನ ಮಾತು. ಹೊಲಿಗೆ ಕಾಣುತ್ತಿದೆ, ಆದ್ದರಿಂದ ಯಾವತ್ತಾದರೂ ಬಿಚ್ಚಿಕೊಂಡೀತು. ಬಿಚ್ಚಿಕೊಂಡರೆ ಅದು ವಿಶ್ವವಿದ್ಯಾಲಯದಲ್ಲಿ ಆಗುವುದಿಲ್ಲ. ಗ್ಯಾರೇಜಿನಲ್ಲಿ, ಮಂಡಿಯಲ್ಲಿ, ಬಸ್ಸಿನ ಟಾಪಿನ ಮೇಲೆ ಆಗುತ್ತದೆ. ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಅಚ್ಚಗನ್ನಡದ ಯಾವುದಾದರೂ ಪದಕ್ಕೆ ಯಾರಾದರೂ, ತಮಾಷೆಗಾದರೂ ಸರಿ, ‘ಏಜು’ ಸೇರಿಸಿ ಮಾತಾಡಿದ್ದನ್ನು ಕೇಳಿದರೆ, ಕೇಳಿದ ಊರು, ದಿನ, ಆಡಿದವರ ಕಸುಬು ಬರೆದು ನನಗೊಂದು ಕಾರ್ಡು ಹಾಕಿ. ಪೋಸ್ಟೇಜು ನಾನು ಕೊಡುತ್ತೇನೆ.